ನಾಳೆ ಬಾ ಅಂದ ಪುಟ್ಟಬೋರ

ಕೇಳೋರು ಕೇಳಿ, ಹೂಂಗುಟ್ಟೋರು ಹೂಂಗುಟ್ಟಿ. ಪೆದ್ದನ ಕತೆಗೆ ಹೂಂಗುಟ್ಟೋಕೆ ಬುದ್ಧಿವಂತರೇ ಬೇಕು. ಪೆದ್ದರಾದರೆ ನನ್ನ ಕತೆಯನ್ನೇ ಹೇಳುತ್ತಿದ್ದಾನೆ ಅಂತ ಜಗಳಕ್ಕೆ ಬರುತ್ತಾರೆ.

ಒಂದೂರಲ್ಲಿ ಚನ್ನಾಜಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ಪುಟ್ಟಬೋರ. ಆಳು ನೋಡಿದರೆ ಬಾಗಿಲಿಗೆ ತಲೆ ತಗಲುತ್ತಿತ್ತು, ಬುದ್ಧಿ ಮಾತ್ರ ಹೊಸ್ತಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವನ ಕೇಡು.

ಅವರ ಮನೆ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿತ್ತು. ಹಿಂದೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬರೆಯುತ್ತಿದ್ದರು. ದೆವ್ವ ಬಂದು, ಓದಿಕೊಂಡು, ಸರಿ ನಾಳೆ ಬರೋಣ ಅಂತ ಹೋಗುತ್ತದಂತೆ. ನಾಳೆ ಬಂದರೂ ಅದೇ ಬರಹ. ದೆವ್ವಕ್ಕೂ ಪುಟ್ಟಬೋರನಷ್ಟೇ ಬುದ್ಧಿ ಅನ್ನಿ.

ಈ ಚನ್ನಾಜಮ್ಮನಿಗೆ ಒಬ್ಬಳು ಅಕ್ಕ ಇದ್ದಳು, ನಿಂಗಾಜಮ್ಮ. ಸುತ್ತ ಹತ್ತೂರಿನ ಮದುವೆಗೆ ಸೋಬಾನೆ ಹೇಳುತ್ತಿದ್ದವರು ಈ ಅಕ್ಕ ತಂಗಿ. ಅಕ್ಕ ಹಾಡು ಎತ್ತಿಕೊಡುವಳು, ತಂಗಿ ಹಿಂದಿನಿಂದ ಸೊಲ್ಲು ಹಿಡಿಯುವಳು. ಹೋದ ಶಿವರಾತ್ರಿ ಕಳೆದ ಮೇಲೆ ಅಕ್ಕ ತೀರಿಕೊಂಡಳು. ಅವತ್ತಿನಿಂದ ತಂಗಿಯ ಬಾಯಿಂದ ಒಂದು ಹಾಡೂ ಹೊರಡಲಿಲ್ಲ. "ಎತ್ತಿಕೊಡೋಳೇ ಇಲ್ಲ, ನಾನು ಯಾರ ಸೊಲ್ಲು ಹಿಡೀಲಿ?" ಅನ್ನುತ್ತಿದ್ದಳು.

ಆಮೇಲೆ ಗೊತ್ತಾಯಿತು, ಹಿಂದೆ ತಂಗಿ ಕೂಲಿಗೆ ಹೋಗಿದ್ದಾಗ ಯಾರೋ ಪಟ್ಟಣದವರು ಬಂದು ಅಕ್ಕನ ಹಾಡನ್ನು ವೀಡಿಯೋ ಮಾಡಿ ನೆಟ್ಟಿಗೆ ಹಾಕಿದ್ದರಂತೆ. ಚನ್ನಾಜಮ್ಮನ ತಮ್ಮ ಮರಿಸ್ವಾಮಿ ತಾಲೂಕಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ತನ್ನ ಹಳೇ ಲ್ಯಾಪ್‌ಟಾಪೊಂದನ್ನು ತಂದುಕೊಟ್ಟ, ವೀಡಿಯೋ ಹುಡುಕಿಕೊಟ್ಟ, ಬಸ್ಸು ಬಂತು ಅಂತ ಹೊರಟೂಬಿಟ್ಟ.

ತಾಯಿ ಮಗ ಕೂತರು. ಪುಟ್ಟಬೋರ ಒತ್ತಿದ. ಅಕ್ಕ ಕಂಡಳು. ಚಾಪೆ ಮೇಲೆ ಕೂತಳು. ಇನ್ನೇನು ಬಾಯಿ ತೆಗೆಯಬೇಕು, ಅಷ್ಟರಲ್ಲಿ ಅವಳ ಮುಖದ ಮೇಲೇ ಒಂದು ಚಕ್ರ ಬಂದು ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಪುಟ್ಟಬೋರ ಮಾವನಿಗೆ ಫೋನು ಮಾಡಿದ.

"ಚಕ್ರ ಸುತ್ತುತ್ತಾ ಇದ್ರೆ ಏನೂ ಮುಟ್ಟಬ್ಯಾಡ ಕಣೋ ಅಳಿಯ. ಕೈ ಕಟ್ಟಿಕೊಂಡು ಕೂತಿರು. ತಾನೇ ನಿಲ್ಲುತ್ತೆ."

"ಹಂಗೇ ಆಗ್ಲಿ ಮಾವ."

ಸಂಜೆವರೆಗೆ ಕೂತ. ಚಕ್ರ ನಿಲ್ಲಲಿಲ್ಲ. ಮಾರನೇ ದಿನ ತಾಯಿ ರಾಗಿ ಕೊಟ್ಟು ಹಿಟ್ಟಿನ ಮಿಲ್ಲಿಗೆ ಕಳಿಸಿದಳು. ಮಿಲ್ಲಿನವನು ರಾಗಿ ಸುರಿದು, "ಡಬ್ಬ ತುಂಬಿದ ಕೂಡ್ಲೆ ಎಳ್ಕೊ, ಟೀ ಕುಡಿದು ಬಂದೆ" ಅಂತ ಹೋದ. ಡಬ್ಬ ತುಂಬಿತು. ಪುಟ್ಟಬೋರ ನೋಡಿದ, ಮಿಲ್ಲಿನ ಚಕ್ರ ಸುತ್ತುತ್ತಿದೆ. ಕೈ ಕಟ್ಟಿಕೊಂಡು ಕೂತ. ಹಿಟ್ಟು ಡಬ್ಬದಿಂದ ನೆಲಕ್ಕೆ, ನೆಲದಿಂದ ಇವನ ಮಂಡಿವರೆಗೆ ಬಂತು. ಅರ್ಧ ಹಿಟ್ಟು ಮೈಮೇಲೆ ಹೊತ್ತು ಮನೆಗೆ ಬಂದ.

"ಅಯ್ಯೋ ನನ್ನ ಕರ್ಮವೇ. ತುಂಬಿದ್ ಮೇಲೆ ಖಾಲಿ ಮಾಡ್ಬೇಕು ಅನ್ನೋದು ಗೊತ್ತಾಗಾಕಿಲ್ವೇನ್ಲಾ?"

"ಈಗ ಗೊತ್ತಾಯ್ತು ಕಣವ್ವ. ತುಂಬಿದ್ರೆ ಖಾಲಿ ಮಾಡ್ಬೇಕು."

ಮಾವನಿಗೆ ಮತ್ತೆ ಫೋನು. ಅವನೂ ಅದನ್ನೇ ಹೇಳಬೇಕೇ? "ಅದರೊಳಗೆ ಹಳೇ ಕಸ ತುಂಬ್ಕೊಂಡದೆ. ಎಲ್ಲಾ ಖಾಲಿ ಮಾಡು" ಅಂದು, ಎಲ್ಲಿ ಒತ್ತಬೇಕು ಅಂತ ಒಂದೊಂದಾಗಿ ಹೇಳಿಕೊಟ್ಟ. ಪುಟ್ಟಬೋರ ಒತ್ತಿದ. ಕಸ ಹೋಯಿತು. ವೀಡಿಯೋ ಒಂದು ಗೇಣು ಮುಂದೆ ಓಡಿತು. ಅಕ್ಕ ಸೆರಗು ಸರಿ ಮಾಡಿಕೊಂಡಳು, ಗಂಟಲು ಸರಿ ಮಾಡಿಕೊಂಡಳು, ಮತ್ತೆ ಚಕ್ರ.

"ಸೆರಗು ಹಂಗೇ ಎಳ್ಕೊಳ್ಳೋಳು ನಮ್ಮಕ್ಕ" ಅಂದಳು ಚನ್ನಾಜಮ್ಮ. ಕಣ್ಣೊರೆಸಿಕೊಂಡು ಕೂಲಿಗೆ ಹೋದಳು.

ಇವನು ಮನೆಯೊಳಗೆ ಸುತ್ತ ನೋಡಿದ. ಊರಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು. ಬೆಳಗ್ಗೆ ತಾನೇ ಬಂದಿತ್ತು. ಹಂಡೆ ತುಂಬಿದೆ, ಕೊಡ ತುಂಬಿದೆ, ಬಕೆಟ್ಟು ತುಂಬಿದೆ. ತುಂಬಿದ್ದನ್ನೆಲ್ಲ ಅಂಗಳಕ್ಕೆ ಚೆಲ್ಲಿ, ಒಂದೊಂದನ್ನೂ ಬೋರಲು ಹಾಕಿ, ತಾಯಿ ಬರುವುದನ್ನೇ ಕಾದ.

"ಹೊಸ ನೀರು ಬರದೇನೇ ಹಳೇ ನೀರು ಚೆಲ್ತಾರೇನ್ಲಾ ಯಾರಾದ್ರೂ? ಹೊಸದು ಬರ್ಬೇಕು, ಆಮೇಲೆ ಹಳೇದನ್ನ ಸಾಗಹಾಕ್ಬೇಕು."

"ಹಂಗೇ ಮಾಡ್ತೀನಿ ಕಣವ್ವ. ಹೊಸದು ಬಂದ್ರೆ ಹಳೇದು ಸಾಗಹಾಕ್ಬೇಕು."

ನಾಲ್ಕು ದಿನ ಪಕ್ಕದ ಮನೆಯ ಈರಕ್ಕನ ಹತ್ತಿರ ನೀರು ಬೇಡಿದರು. ಐದನೇ ದಿನ ಚನ್ನಾಜಮ್ಮನ ಮೇಕೆ ಮರಿ ಹಾಕಿತು. ಪುಟ್ಟಬೋರ ಮರಿ ನೋಡಿದ, ಹೊಸದು. ಮೇಕೆ ನೋಡಿದ, ಹಳೇದು. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನನ್ನು ಕರೆದು, "ಅಣ್ಣ, ಹೊಸದು ಬಂದದೆ. ಹಳೇದನ್ನ ತಗೊಂಡ್ಹೋಗು" ಅಂದ. ಅವನು ಎರಡು ಸಲ ಕೇಳಿದ, ಇವನು ಎರಡು ಸಲವೂ ಹೂಂ ಅಂದ. ಮೇಕೆ ಹೋಯಿತು. ಮರಿ ಹಾಲಿಲ್ಲದೆ ಅರಚಿಕೊಂಡಿತು. ತಾಯಿ ಬಂದವಳೇ ಎರಡು ಮೈಲಿ ಓಡಿ, ಮೇಕೆ ಹಿಡಿದು ತಂದಳು.

"ಲೋ, ಹೊಸದು ಬಂತು ಅಂತ ಹಿಂದೆ ಮುಂದೆ ನೋಡ್ದೆ ಬೀಳಬ್ಯಾಡ್ವೋ. ಹೊಸದೇನೇ ಬರ್ಲಿ, ಬಾಗಿಲ ಮ್ಯಾಲೆ ಏನು ಬರೆದದೆ? ಅದನ್ನೇ ಹೇಳು. ನಾಳೆ ಬಾ ಅನ್ನು. ಅಷ್ಟರೊಳಗೆ ಯೋಚನೆ ಮಾಡು."

"ಸರಿ ಕಣವ್ವ. ಹೊಸದು ಬಂದ್ರೆ ನಾಳೆ ಬಾ."

ಅವತ್ತೇ ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಚೀಟಿ ಬಂತು. 'ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕುವುದೇ, ಆಮೇಲೆ ನೆನಪಿಸುವುದೇ?' ಪುಟ್ಟಬೋರ "ನಾಳೆ ಬಾ" ಅಂದು 'ಆಮೇಲೆ' ಒತ್ತಿದ. ಮಾರನೇ ದಿನ ಅದು ಬಂತು. ನಾಳೆ ಬಾ. ಅದರ ಮಾರನೇ ದಿನವೂ ಬಂತು. ನಾಳೆ ಬಾ. ಹನ್ನೊಂದು ದಿನ ಅದು ಬಂತು, ಹನ್ನೊಂದು ದಿನ ಇವನು ಕಳಿಸಿದ. ಚಕ್ರ ಸುತ್ತುತ್ತಲೇ ಇತ್ತು. ಚನ್ನಾಜಮ್ಮ ಕೂಲಿಯಿಂದ ಬಂದು ದಿನಾ ಆ ಚಕ್ರದ ಮುಂದೆ ಒಂದು ಗಳಿಗೆ ಕೂತು ಏಳುತ್ತಿದ್ದಳು. ಪಾಪ, ಅವಳಿಗೆ ಅಕ್ಕನ ಮುಖಕ್ಕಿಂತ ಚಕ್ರವೇ ಹೆಚ್ಚು ಪರಿಚಯವಾಯಿತು.

ವಿಷಯ ಕೇಳಿ ಮರಿಸ್ವಾಮಿಯೇ ಹೊರಟು ಬಂದ. ಅಕ್ಕನ ಮನೆಗೆ ಹೋಗೋದು ಅಂತ ಹೊಸ ಅಂಗಿ ಹಾಕಿದ್ದ. ಬಾಗಿಲಲ್ಲಿ ಪುಟ್ಟಬೋರ.

"ಅಂಗಿ ಹೊಸದಾ ಮಾವ?"

"ಹೂಂ ಕಣೋ ಅಳಿಯ, ಮೊನ್ನೆ ತಗೊಂಡೆ. ಚಂದಾಗದಾ?"

"ಚಂದಾಗದೆ. ನಾಳೆ ಬಾ."

ಬಾಗಿಲು ಹಾಕಿಕೊಂಡ. ಚನ್ನಾಜಮ್ಮ ಕೂಲಿಗೆ ಹೋಗಿದ್ದಳು. ಮರಿಸ್ವಾಮಿ ತಟ್ಟಿ ತಟ್ಟಿ ಸಾಕಾಗಿ ಬಸ್ಸು ಹತ್ತಿದ. ಮಾರನೇ ದಿನ ಹರಿದ ಅಂಗಿ ಹಾಕಿಕೊಂಡು ಬಂದು, "ಹಳೇದು ಕಣಪ್ಪ, ಕಾಲರು ಹರಿದದೆ ನೋಡ್ಕೊ, ಒಳಗೆ ಬಿಡು" ಅಂದ. ಪುಟ್ಟಬೋರ ಕಾಲರು ನೋಡಿ ಒಳಗೆ ಬಿಟ್ಟ.

ಅಷ್ಟರಲ್ಲಿ ಚನ್ನಾಜಮ್ಮನೂ ಕೂಲಿಯಿಂದ ಬಂದಳು. ಮರಿಸ್ವಾಮಿ ನೋಡಿ ತಲೆ ಆಡಿಸಿದ. "ಅಕ್ಕ, ವೀಡಿಯೋ ಓಡಿಸೋದು ಹಳೇದಾಗದೆ. ಅಪ್‌ಡೇಟ್ ಹಾಕಿದ್ರೆ ಓಡಬಹುದು. ಆದ್ರೆ ಮಿಷನ್ನೂ ಹಳೇದು, ಹೊಸದರ ಭಾರ ತಡೀದೆ ಕೂತ್ಕೊಂಡ್ರೂ ಕೂತ್ಕೋಬಹುದು. ಏನ್ಮಾಡ್ಲಿ ಹೇಳು."

"ಹಾಕದೆ ಹೋದ್ರೆ?"

"ದೊಡ್ಡಕ್ಕ ಬಾಯಿ ತೆಗೆಯಾಕಿಲ್ಲ."

"ಹಾಕು" ಅಂದಳು ಚನ್ನಾಜಮ್ಮ.

ಹಾಕಿದ. ಒಂದೂವರೆ ಗಂಟೆ ಹಿಡಿಯಿತು. ಮಿಷನ್ನು ಬಿಸಿಯಾಯಿತು, ಆರಿತು, ಮತ್ತೆ ಹೊತ್ತಿತು. ಬಸ್ಸಿನ ಹೊತ್ತಾಯಿತು ಅಂತ ಮರಿಸ್ವಾಮಿ ಹೊರಟ. "ಇಲ್ಲಿ ಒತ್ತು ಅಕ್ಕ, ಸಾಕು" ಅಂದು ಹೋದ.

ಚನ್ನಾಜಮ್ಮ ಕೈ ತೊಳೆದು ಬಂದು ಒತ್ತಿದಳು. ಅಕ್ಕ ಚಾಪೆ ಮೇಲೆ ಕೂತಳು. ಸೆರಗು ಎಳೆದುಕೊಂಡಳು. ಗಂಟಲು ಸರಿ ಮಾಡಿಕೊಂಡಳು. ಚಕ್ರ ಬರಲಿಲ್ಲ. ಅಕ್ಕ ನೆಟ್ಟಗೆ ಇವರ ಕಡೆಗೇ ನೋಡಿ, "ಎಲ್ಲಿ ಚನ್ನಾಜಿ? ಬಂದೆ ಕಣೆ, ಸೊಲ್ಲು ಹಿಡಿ" ಅಂದಳು.

ಪುಟ್ಟಬೋರ ಗಾಬರಿಬಿದ್ದ. ಇಷ್ಟು ದಿನ ಇಲ್ಲದ್ದು, ಹೊಸದು. ಅದೂ ಬಂದೆ ಅಂತ ಬೇರೆ ಅನ್ನುತ್ತದೆ.

"ನಾಳೆ ಬಾ ದೊಡ್ಡವ್ವ" ಅಂದವನೇ ಲ್ಯಾಪ್‌ಟಾಪಿನ ಬಾಯಿ ಮುಚ್ಚಿದ. ಅಷ್ಟಕ್ಕೇ ಸರಿಯಾಗಿ ಕರೆಂಟೂ ಹೋಯಿತು. ಬ್ಯಾಟರಿ ಮೊದಲೇ ಸತ್ತಿತ್ತು.

ಬೈಗುಳ ಬೀಳುತ್ತದೆ ಅಂತ ಪುಟ್ಟಬೋರ ತಲೆ ಬಗ್ಗಿಸಿ ನಿಂತ. ಬೀಳಲಿಲ್ಲ. ಚನ್ನಾಜಮ್ಮ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು.

"ಚನ್ನಾಜಿ ಅಂದ್ಲು ಕಣ್ಲಾ. ಕೇಳಿಸ್ತಾ?"

"ಕೇಳಿಸ್ತು ಕಣವ್ವ. ನಾಳೆ ಬತ್ತಳೆ ಬಿಡು, ಹೇಳಿವ್ನಿ."

ಬೆಳಗ್ಗೆ ಎದ್ದರೆ ಮನೆ ಮುಂದೆ ಜನ. ಎಲ್ಲರೂ ದೂರ ನಿಂತು ಬಾಗಿಲು ಓದುತ್ತಿದ್ದಾರೆ. ಈರಕ್ಕ ಅಲ್ಲಿಂದಲೇ ಕೂಗಿದಳು.

"ಚನ್ನಾಜಮ್ಮ, ನಿನ್ನ ಮಗ ಬಾಗಿಲ ಮ್ಯಾಲೆ ಏನು ಬರೆದವ್ನೆ ನೋಡು."

ನೋಡಿದರೆ 'ನಾಳೆ' ಇಲ್ಲ. ಅದನ್ನು ಉಜ್ಜಿ ಒರೆಸಿ, ಹೊಸ ಸುಣ್ಣದಲ್ಲಿ ಅಂಗೈ ಅಗಲದ ಅಕ್ಷರ: 'ಇವತ್ತೇ ಬಾ'.

"ಊರ ದೆವ್ವಕ್ಕೆಲ್ಲ ಕರೆಯೋಲೆ ಕೊಟ್ಟಂಗಾಯ್ತಲ್ಲೋ, ಯಾಕ್ಲಾ ಹಿಂಗ್ ಮಾಡ್ದೆ?"

"ನೆನ್ನೆ ನಾನೇ ನಾಳೆ ಬಾ ಅಂದಿವ್ನಿ ಕಣವ್ವ. ಇವತ್ತು ಬಂದಾಗ ಬಾಗಿಲ ಮ್ಯಾಲೆ ಮತ್ತೆ ನಾಳೆ ಬಾ ಅಂತಿದ್ರೆ, ದೊಡ್ಡವ್ವ ಹಂಗೇ ವಾಪಸ್ ಹೋಗ್ಬುಡಾಕಿಲ್ವಾ?"

ಬೈಯಲು ಬಾಯಿ ತೆಗೆದ ಚನ್ನಾಜಮ್ಮ ಸರಕ್ಕನೆ ತಿರುಗಿ ಒಳಗೆ ಹೋದಳು. ಕರೆಂಟು ಬಂದಿತ್ತು. ಒತ್ತಿದಳು.

"ಎಲ್ಲಿ ಚನ್ನಾಜಿ? ಬಂದೆ ಕಣೆ, ಸೊಲ್ಲು ಹಿಡಿ" ಅಂತ ನಿಂಗಾಜಮ್ಮನ ದನಿ ಬೀದಿಗೆಲ್ಲ ಕೇಳಿಸಿತು. ಹಿಂದೆಯೇ ಹಾಡು ಎತ್ತಿದಳು. ಚನ್ನಾಜಮ್ಮ ಕಣ್ಣು ಮುಚ್ಚಿ ಸೊಲ್ಲು ಹಿಡಿದಳು. ಒಂದು ವರ್ಷ ಬೀಗ ಹಾಕಿದ್ದ ಗಂಟಲು, ಮೊದಲು ಒಡೆಯಿತು, ಆಮೇಲೆ ಸರಿಹೋಯಿತು.

ಹೊರಗೆ ನಿಂತವರಿಗೆ ಇದು ಹೇಗೆ ಗೊತ್ತಾಗಬೇಕು? ಬಾಗಿಲ ಮೇಲೆ ಇವತ್ತೇ ಬಾ, ಒಳಗೆ ಸತ್ತವಳ ಸೋಬಾನೆ. ಈರಕ್ಕ ಮುಂದೆ, ಊರೆಲ್ಲ ಹಿಂದೆ, ಬಿದ್ದೆವೋ ಎದ್ದೆವೋ ಅಂತ ಓಡಿದರು. ಪುಟ್ಟಬೋರ ಎರಡು ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹಿಂದೆಯೇ ಓಡಿದ.

"ಯಾಕ್ ಓಡ್ತೀರಿ? ದೊಡ್ಡವ್ವ ಬಂದವ್ಳೆ, ಕೂತ್ಕೊಂಡು ಕೇಳ್ಬನ್ನಿ. ಬೇಕಾದ್ರೆ ನಿಮ್ಮ ಮನೇಲಿ ಸತ್ತೋರನ್ನೂ ಕರೀತೀನಿ, ಸುಣ್ಣ ಇನ್ನೂ ಉಳಿದದೆ."

ಅವರು ಓಡಿದ್ದು ಓಡಿದ್ದೇ, ನಾವಿಲ್ಲಿ ಕೂತಿದ್ದು ಕೂತಿದ್ದೇ.