ಹಾಲಪ್ಪ ಸಾಹುಕಾರ ಮಣ್ಣು ತುಳಿದದ್ದು

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಅಷ್ಟು ಹಿಂದೆ ಮುದ್ದನಕೆರೆ ಅಂತ ಒಂದೂರು. ಇದೇ ಊರು ಕಣ್ರಪ್ಪ, ಆದರೆ ಆಗ ನಲವತ್ತು ಮನೆ, ಒಂದು ಕೆರೆ, ಒಂದು ಗಾಣ, ಅಷ್ಟೇ. ಆ ಗಾಣದ ಮನೆಯಲ್ಲಿ ಹಾಲಪ್ಪ ಅನ್ನೋನು ಹುಟ್ಟಿದ. ಸರಿಯಾಗಿ ಕೂತ್ಕೊಂಡು ಕೇಳಿ. ನಡುವೆ ಎದ್ದು ಹೋದೋರಿಗೆ ನಾನು ಮತ್ತೆ ಮೊದಲಿಂದ ಹೇಳೋಳಲ್ಲ.

ಹಾಲಪ್ಪ ಎತ್ತಿನ ಗಾಣ ಬಿಟ್ಟು ಎಣ್ಣೆ ಮಿಲ್ಲು ಹಾಕಿದ. ಎಣ್ಣೆಯಿಂದ ಸೋಪು ಮಾಡಿಸಿದ. ಸೋಪು ಸಂತೆಗೆ ಹೋಗಬೇಕಲ್ಲ, ಮೋಟಾರು ತಂದ. ಮೋಟಾರಿಗೆ ಜನ ಹತ್ತಿಕೊಂಡ್ರು, ಅದು ಬಸ್ಸಾಯ್ತು. ಆಮೇಲೆ ಅಕ್ಕಿ ಗಿರಣಿ, ಆಮೇಲೆ ಬೆಂಕಿಪೊಟ್ಟಣ. ಒಂದರ ಬಾಲ ಹಿಡಿದು ಇನ್ನೊಂದು. ಎರಡು ಮೈಲಿ ದೂರದಲ್ಲಿ ನಿಂತು, ಮಿಲ್ಲಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲ ಅಂತ ಹೇಳ್ತಿದ್ನಂತೆ. ಒಂದೇ ಹೊತ್ತಿಗೆ ಸೋಪಿನ ಕಾರ್ಖಾನೆಯಲ್ಲೂ ಅಕ್ಕಿ ಗಿರಣಿಯಲ್ಲೂ ಅವನನ್ನ ಕಂಡೋರಿದ್ದಾರೆ ಅಂತಾರೆ. ಅದನ್ನ ನಾನು ನಂಬಲ್ಲ. ಸೈಕಲ್ ಜೋರಾಗಿ ತುಳೀತಿದ್ದ, ಅಷ್ಟೇ.

ಅವನದೊಂದು ರೂಢಿ ಇತ್ತು. ಯಾವುದೇ ಹೊಸದು ಶುರುಮಾಡೋ ಮೊದಲು, ಆ ಕೆಲಸ ಬಲ್ಲೋರ ಹತ್ತಿರ ಆರು ತಿಂಗಳು ಕೂಲಿಯವನಾಗಿ ದುಡೀತಿದ್ದ. ಸೋಪಿಗೂ ಹಾಗೇ ಮಾಡಿದ, ಬಸ್ಸಿಗೂ ಹಾಗೇ ಮಾಡಿದ. ಕೊನೆಗೆ ಹೆಂಚಿನ ಕಾರ್ಖಾನೆ ಹಾಕಿದ, ಅದಕ್ಕೆ ಮಾತ್ರ ಹಾಗೆ ಮಾಡಲಿಲ್ಲ. ಯಾಕಂದ್ರೆ ಇಲ್ಲಿ ಮಣ್ಣಿನ ಕೆಲಸ ಬಲ್ಲೋರು ಕುಂಬಾರಗೇರಿಯ ಎಂಟು ಮನೆಯೋರು. ಅವರು ಕೈಯಲ್ಲಿ ತಟ್ಟೋ ನಾಡಹೆಂಚೇ ಸುತ್ತಲಿನ ಊರಿಗೆಲ್ಲ ಹೋಗ್ತಿತ್ತು. ಮಿಷನ್ನಲ್ಲಿ ಒತ್ತಿದ ಹೆಂಚು ಬಂದ್ರೆ ಅವರ ಹೆಂಚು ಕೇಳೋರಿಲ್ಲ. ಯಾವ ಮುಖ ಇಟ್ಕೊಂಡು ಅವರ ಹತ್ತಿರ ಹೋಗೋದು ಅಂತ ದೂರದೂರಿಂದ ಮೇಸ್ತ್ರಿಗಳನ್ನ ಕರೆಸಿದ.

ಮೊದಲನೇ ಭಟ್ಟಿ ತೆಗೆದ್ರು, ಹೆಂಚೆಲ್ಲ ಬಿರುಕು. ಎರಡನೇ ಭಟ್ಟಿ, ಬಿರುಕು. ಮೂರನೆಯದೂ ಬಿರುಕು. ಮೇಸ್ತ್ರಿಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸ್ಕೊಂಡು ತಮ್ಮೂರಿಗೆ ಹೋದ್ರು. ಕೆಲಸ ಸಿಗುತ್ತೆ ಅಂತ ಇನ್ನೂರು ಮನೆಯೋರು ಆಗಲೇ ತಮ್ಮೂರು ಬಿಟ್ಟು ಇಲ್ಲಿಗೆ ಬಂದು ಗುಡಿಸಲು ಹಾಕಿದ್ರು. ಇನ್ನೊಂದು ಭಟ್ಟಿ ಒಡೆದ್ರೆ ಕಾರ್ಖಾನೆಗೆ ಬೀಗ, ಇನ್ನೂರು ಮನೆಯ ಒಲೆ ಆರುತ್ತೆ. ಸಾಹುಕಾರನಿಗೆ ಅನ್ನ ಸೇರದಂಗಾಯ್ತು. ಹೆಂಡತಿ ನಾಗವ್ವ ತಡೀಲಾರದೆ ಬೈದ್ಲಂತೆ.

"ಕುಂಬಾರಗೇರಿ ಪಕ್ಕದಲ್ಲೇ ಇಟ್ಕೊಂಡು ದೇಶವೆಲ್ಲ ಹುಡುಕ್ತೀರಲ್ಲ, ನಾಚಿಕೆಯಾಗಲ್ವ ನಿಮಗೆ?"

"ಆಗುತ್ತೆ ಕಣೆ, ಅದಕ್ಕೇ ಹೋಗ್ತಿಲ್ಲ" ಅಂದ್ನಂತೆ ಹಾಲಪ್ಪ.

ಕೊನೆಗೆ ಹೋದ. ಕೇರಿಗೆ ಹಿರಿಯಳು ಚೌಡವ್ವ. ಅಂಗಳದಲ್ಲಿ ಮಣ್ಣು ತುಳೀತಿದ್ಲು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.

"ನಮ್ಮನ್ನ ಮುಗಿಸೋದು ಹೆಂಗೆ ಅಂತ ನಮ್ಮನ್ನೇ ಕೇಳೋಕೆ ಬಂದ್ರಾ ಸಾಹುಕಾರ್ರೇ?"

"ಹೂಂನವ್ವ, ಅದಕ್ಕೇ ಬಂದೆ. ಮೊದಲೇ ಬರಬೇಕಿತ್ತು. ಹೆದರಿಕೊಂಡು ಬರಲಿಲ್ಲ, ತಪ್ಪಾಯ್ತು."

ಚೌಡವ್ವ ಮಣ್ಣಿನಿಂದ ಹೊರಗೆ ಬಂದು, ನೀವೇ ತುಳೀರಿ ಅನ್ನೋ ಹಂಗೆ ಕೈ ತೋರಿಸಿದ್ಲು. ಸಾಹುಕಾರ ಚಪ್ಪಲಿ ಬಿಟ್ಟು, ಕಚ್ಚೆ ಎತ್ತಿ ಕಟ್ಟಿ ಇಳಿದ. ಎಂಟು ದಿನ ತುಳಿದ ಅಂತಾರೆ. ನಲವತ್ತು ದಿನ ಅಂತಲೂ ಅಂತಾರೆ. ಪಕ್ಕದೂರಿನೋರನ್ನ ಕೇಳಿ, ಒಂದು ವರ್ಷ ಅಂತಾರೆ, ಅವರ ಬಾಯಿಗೇನು! ಎಷ್ಟು ದಿನವೋ, ಹಿಮ್ಮಡಿ ಒಡೆದು ರಕ್ತ ಬಂದಿದ್ದು ಮಾತ್ರ ನಿಜ.

ಆಮೇಲೆ ಒಂದು ಬೆಳಿಗ್ಗೆ ಚೌಡವ್ವ ತಾನಾಗೇ ಕಾರ್ಖಾನೆಗೆ ಬಂದ್ಲು. ಅಲ್ಲಿನ ಮಣ್ಣು ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು, ಥೂ ಅಂತ ಉಗುಳಿದ್ಲು. ಕೆರೆಯಿಂದ ಅಗೆದ ಮಣ್ಣು ಒಂದು ಮಳೆಗಾಲ ನೆನೀಬೇಕು, ಒಂದು ಬೇಸಿಗೆ ಬಿಸಿಲು ಕಾಯಬೇಕು, ಆಗ ಹದಕ್ಕೆ ಬರುತ್ತೆ. ಇವರು ಸೋಮವಾರ ಅಗೆದು ಗುರುವಾರ ಅಚ್ಚಿಗೆ ಹಾಕ್ತಿದ್ರು.

"ನಿಮ್ಮ ಮಿಷನ್ನಿಗೆ ಅವಸರ ಅಂದ್ರೆ ಮಣ್ಣು ಕೇಳುತ್ತೇನ್ರೀ?" ಅಂದ್ಲಂತೆ.

ಸಾಹುಕಾರ ಗುಡಿಸಲುಗಳ ಕಡೆ ನೋಡಿದ. ವರ್ಷ ಕಾಯೋಕೆ ಆ ಇನ್ನೂರು ಮನೆಯೋರಿಗೆ ಎಲ್ಲಿ ತ್ರಾಣ? ಆಗ ಚೌಡವ್ವ ಮಾಡಿದ್ದು ನೋಡಿ, ಹೇಳೋವಾಗ ಈಗಲೂ ನನ್ನ ಕಣ್ಣು ತುಂಬುತ್ತೆ. ಎಂಟು ಮನೆಯೋರು ಮುಂದಿನ ವರ್ಷದ ದುಡಿಮೆಗೆ ಅಂತ ಹದಮಾಡಿ ಇಟ್ಟಿದ್ದ ಮಣ್ಣನ್ನೆಲ್ಲ ಕಾರ್ಖಾನೆಗೆ ಹೊರಿಸಿದ್ಲು. ಈ ಭಟ್ಟಿಯೂ ಒಡೆದ್ರೆ ಆ ಇನ್ನೂರು ಮನೆಯೋರಿಗೂ ಕೆಲಸವಿಲ್ಲ, ಕೇರಿಯೋರಿಗೂ ಇಲ್ಲ. ಅವಳು ಕೇಳಿದ್ದು ಒಂದೇ ಮಾತು: ಇನ್ಮೇಲೆ ಮಣ್ಣು ಅಚ್ಚಿಗೆ ಹೋಗೋ ಮೊದಲು ನಮ್ಮ ಕೇರಿಯೋರು ಬಾಯಿಗೆ ಹಾಕಿ ನೋಡಬೇಕು, ನಾವು ಹೂಂ ಅನ್ನೋವರೆಗೂ ಮಿಷನ್ ತಿರುಗಬಾರದು.

ಭಟ್ಟಿ ತೆಗೆಯೋ ದಿನ ಊರಿಗೆ ಊರೇ ಸೇರಿತ್ತು. ಸಾಹುಕಾರನಿಗೆ ಹತ್ತಿರ ಹೋಗೋಕೆ ಧೈರ್ಯವಿಲ್ಲ. ಚೌಡವ್ವನೇ ಒಂದು ಹೆಂಚು ತೆಗೆದು ಬೆರಳಲ್ಲಿ ಬಡಿದ್ಲು. ಟಣ್ ಅಂತು. ಇನ್ನೊಂದು ಬಡಿದ್ಲು. ಅದೂ ಟಣ್ ಅಂತು. ಅಷ್ಟು ದೊಡ್ಡ ಸಾಹುಕಾರ ಎಲ್ಲರೆದುರಿಗೆ ಗೊಳೋ ಅಂತ ಅತ್ತುಬಿಟ್ಟ. ಮಾರನೇ ದಿನದಿಂದ ಎಂಟು ಮನೆಯೋರೂ ಕಾರ್ಖಾನೆಯ ಮಣ್ಣಿನ ಮೇಸ್ತ್ರಿಗಳು. ಅವರು ಬೇಡ ಅಂದ ದಿನ ಸ್ವತಃ ಹಾಲಪ್ಪನೇ ಹೇಳಿದ್ರೂ ಮಿಷನ್ ತಿರುಗುತ್ತಿರಲಿಲ್ಲ.

ಆ ಕಾರ್ಖಾನೆ ಈಗಿಲ್ಲ, ಮಿಲ್ಲೂ ಇಲ್ಲ. ಆದ್ರೆ ಹಾಲಪ್ಪನ ಹೆಸರಲ್ಲಿ ಮುದ್ದನಕೆರೆಯಲ್ಲಿ ಇವತ್ತಿಗೂ ಒಂದು ರೂಢಿ ನಡೀತಿದೆ. ಹೊಸದು ಏನೇ ಶುರುಮಾಡೋರು, ಅದರಿಂದ ಯಾರ ಹೊಟ್ಟೆಗೆ ಪೆಟ್ಟು ಬೀಳುತ್ತೋ ಅವರ ಬಾಗಿಲಿಗೆ ಮೊದಲು ಹೋಗಬೇಕು. ಹೋದ ಯುಗಾದಿಗೆ ರೆಡಿಮೇಡ್ ಬಟ್ಟೆ ಅಂಗಡಿ ಹಾಕಿದ್ಲಲ್ಲ ಶಕೀಲಾ, ಬೋರ್ಡು ಬರೆಸೋ ಮೊದಲು ದರ್ಜಿ ರೇವಣ್ಣನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ಲು. ರೇವಣ್ಣ ಬೈದ. ಅರ್ಧ ಗಂಟೆ ಬಾಯಿಗೆ ಬಂದಂಗೆ ಬೈದ. ಅವಳು ತಲೆ ತಗ್ಗಿಸಿ ಎಲ್ಲ ಕೇಳಿದ್ಲು. ಬೈದು ಬೈದು ಸುಸ್ತಾಗಿ, ಅವನೇ ತನ್ನ ಹೊಲಿಗೆ ಮಿಷನ್ ಹೊತ್ಕೊಂಡು ಅವಳ ಅಂಗಡಿಗೆ ನಡೆದ. ಈಗ ಅವಳ ಅಂಗಡಿಯಿಂದ ಒಂದು ಪ್ಯಾಂಟು ಹೊರಗೆ ಹೋಗಬೇಕಂದ್ರೂ ರೇವಣ್ಣ ಹೊಲಿಗೆ ನೋಡಿ ಹೂಂ ಅನ್ನಬೇಕು.