ಒರತೆಯ ತಳ

ಒಂದು ಕುರುಚಲು ಕಾಡಿನಲ್ಲಿ ಹಳ್ಳ ಬತ್ತಿ ಮೂರು ವರ್ಷವಾಗಿತ್ತು. ಮಳೆ ಬರುತ್ತಲೇ ಇರಲಿಲ್ಲ ಎಂದಲ್ಲ. ಬಂದರೆ ಒಂದೇ ದಿನ ಸುರಿದು, ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಮತ್ತೆ ಆರು ತಿಂಗಳು ಮುಖ ತೋರಿಸುತ್ತಿರಲಿಲ್ಲ. ಬಿಸಿಲು ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು.

ಆ ಹಳ್ಳದ ಮರಳಿನಲ್ಲಿ ಒಂದು ಚಿಪ್ಪುಹಂದಿ ಒರತೆ ತೋಡಿತ್ತು. ಅದರ ಬಾಲದ ಮೇಲೆ ಪುಟ್ಟ ಮರಿಯೊಂದು ಅಂಟಿಕೊಂಡಿರುತ್ತಿತ್ತು. ಮರಳು ದಿನವೂ ಕುಸಿಯುತ್ತಿತ್ತು, ತಾಯಿ ದಿನವೂ ತೋಡುತ್ತಿತ್ತು. ಉಗುರುಗಳು ಸವೆದಿದ್ದವು. ಕುಡಿಯಲು ಒಂದು ಕ್ರಮವಿತ್ತು. ಒಬ್ಬರು ಕುಡಿದು ಸರಿಯಬೇಕು. ನೀರು ಮತ್ತೆ ಜಿನುಗಿ ತುಂಬುವವರೆಗೆ ಮುಂದಿನವರು ಕಾಯಬೇಕು. ಹುಲ್ಲೆ, ಮೊಲ, ಕಾಡುಹಂದಿ ಎಲ್ಲರೂ ಕಾಯುತ್ತಿದ್ದರು.

ನರಿಗೆ ಮಾತ್ರ ಕಾಯುವುದೆಂದರೆ ಆಗದು.

"ಚಿಪ್ಪಕ್ಕಾ, ಇನ್ನೊಂದು ಮೊಳ ಆಳಕ್ಕೆ ತೋಡಿಬಿಡು. ಕೆಳಗೆ ಸಮುದ್ರವೇ ಇದೆ. ನಿನಗೂ ದಿನಾ ಈ ಗೇಯ್ಮೆ ತಪ್ಪುತ್ತೆ," ಎಂದಿತು.

ಚಿಪ್ಪುಹಂದಿಗೆ ಆಸೆಯಾಯಿತು. ಬೆನ್ನು ಅಷ್ಟು ನೋಯುತ್ತಿತ್ತು. ಆದರೂ ತಲೆಯಾಡಿಸಿತು. "ಬೇಡಪ್ಪಾ. ಮರಳಿನ ಕೆಳಗೆ ಬೂದು ಜೇಡಿಮಣ್ಣಿದೆ. ನೀರು ನಿಂತಿರೋದೇ ಅದರ ಮೇಲೆ. ಅದನ್ನು ಒಡೆದರೆ ಗಡಿಗೆಯ ತಳ ಒಡೆದ ಹಾಗೆ."

"ಗಡಿಗೆಯಂತೆ, ತಳವಂತೆ! ಸರಿ, ನೀನು ಕೆರೀತಾ ಇರು," ಎಂದು ನರಿ ನಕ್ಕಿತು.

ಮರುದಿನ ಉರಿ ಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ಬಿದ್ದುಕೊಂಡಿದ್ದರು. ನರಿ ಮೆಲ್ಲಗೆ ಒರತೆಗೆ ಇಳಿದು ತೋಡಿತು. ಜೇಡಿಮಣ್ಣು ಬಿರಿಯಿತು. ಗುಳುಗುಳು ಸದ್ದಾಯಿತು. "ಸಿಕ್ಕಿತು!" ಎಂದು ನರಿ ಕುಣಿಯಿತು. ನೋಡನೋಡುತ್ತಿದ್ದಂತೆ ಕಾಲಡಿಯ ನೀರೆಲ್ಲ ಬಿರುಕಿನೊಳಗೆ ಇಳಿದುಹೋಯಿತು.

ಸಂಜೆ ಎಲ್ಲರೂ ಬಂದಾಗ ಒರತೆ ಒಣಗಿತ್ತು.

"ಇದು ಚಿಪ್ಪಕ್ಕನ ಕೆಲಸ. ಇಷ್ಟು ಆಳ ತೋಡೋ ಉಗುರು ಇನ್ಯಾರಿಗಿದೆ?" ಎಂದಿತು ನರಿ.

ಕಾಡುಹಂದಿ ಮೂತಿ ಮುಂದೆ ಮಾಡಿತು. "ಹೌದೇನೇ? ಹಾಗಿದ್ದರೆ ನಡಿ ಇಲ್ಲಿಂದ."

ಚಿಪ್ಪುಹಂದಿ ಬಾಲದ ಮೇಲಿನ ಮರಿಯತ್ತ ತಿರುಗಿ ನೋಡಿತು. ಮರಿ ಬೆಳಗಿನಿಂದ ಒಂದು ಹನಿ ಕುಡಿದಿರಲಿಲ್ಲ. ಅದನ್ನು ಹೊತ್ತು ಈ ಬರದಲ್ಲಿ ಎಲ್ಲಿಗೆ ಹೋಗುವುದು?

ಆಗ ಬಾಲದ ಮೇಲಿದ್ದ ಮರಿ ಕೇಳಿತು: "ನರಿಮಾಮಾ, ನಿನ್ನ ಮೀಸೆ ಯಾಕೆ ಬೂದು?"

ಎಲ್ಲರೂ ತಿರುಗಿ ನೋಡಿದರು. ನರಿಯ ಮೀಸೆಗೂ ಮೊಣಕಾಲಿಗೂ ಜೇಡಿ ಮೆತ್ತಿತ್ತು. ಚಿಪ್ಪುಹಂದಿಯ ಉಗುರಿನಲ್ಲಿ ಬರೀ ಮರಳು.

ಕಾಡುಹಂದಿ ನರಿಯನ್ನು ಗುಂಡಿಗೆ ತಳ್ಳಿತು. ಹಸಿ ಜೇಡಿ ತಂದು ಬಿರುಕಿಗೆ ತುಂಬುವ ಕೆಲಸ ಉಳಿದವರದು, ತುಳಿಯುವ ಕೆಲಸ ನರಿಯದು. ನಾಲ್ಕು ದಿನ ಎಲ್ಲರೂ ಪಾಪಸುಕಳ್ಳಿ ಜಗಿದು ಜೀವ ಹಿಡಿದರು. ಐದನೆಯ ದಿನ ನೀರು ಜಿನುಗಿತು, ಮೊದಲಿನ ಅರ್ಧದಷ್ಟು ಮಾತ್ರ. ಮೊದಲು ಮರಿ ಕುಡಿಯಿತು. ಕೊನೆಯ ಸರದಿ ನರಿಯದು. ಅದಕ್ಕೆ ಸಿಕ್ಕಿದ್ದು ಎರಡು ಗುಟುಕು ಕೆಸರುನೀರು.

"ಬಿರುಕು ಇನ್ನೂ ಸೋರುತ್ತಿದೆ. ನಾಳೆಯೂ ತುಳೀಬೇಕು," ಎಂದಿತು ಚಿಪ್ಪುಹಂದಿ. ಸಿಟ್ಟು ಮಾಡಿಕೊಳ್ಳಲೂ ಅದಕ್ಕೆ ತ್ರಾಣವಿರಲಿಲ್ಲ.

"ಎಲ್ಲೀವರೆಗೆ, ಅಕ್ಕಾ?"

"ಮಳೆ ಬರೋವರೆಗೆ."

ನರಿ ತಲೆ ಎತ್ತಿ ನೋಡಿತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ನೀತಿ: ಎಲ್ಲರ ನೀರನ್ನು ಒಬ್ಬನೇ ಬಾಚಿಕೊಳ್ಳಲು ಹೋದವನು ತನ್ನ ಪಾಲನ್ನೂ ಕಳೆದುಕೊಳ್ಳುತ್ತಾನೆ.