ಸಿಂಗ್ರಿ ಕಾರಾದದ್ದು

ಊಂ ಅನ್ನೋರು ಊಂ ಅನ್ನಿ, ನಗೋರು ಆಮೇಲೆ ನಗಿ. ಒಂದೂರಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಸಿಂಗ್ರಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಕೊನೆಗೆ ತಾಯಿ ವಾಚು ರಿಪೇರಿಯ ತಿರುಮಲಯ್ಯನವರ ಕೈಕಾಲು ಹಿಡಿದು ಅವರಲ್ಲಿ ಕೆಲಸಕ್ಕೆ ಸೇರಿಸಿದಳು. "ಇದೂ ತಪ್ಪಿದ್ರೆ ನಿನ್ನ ಯಾರೂ ಕರೆಯಲ್ಲ ಕಣೋ!" ಎಂದು ಕಣ್ಣೀರು ಹಾಕಿದಳು.

ತಿರುಮಲಯ್ಯನವರಿಗೊಂದು ಹುಚ್ಚು. ದಸರಾದಲ್ಲಿ ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಗಳ ಮುಂದೆ, ಮೇಜಿನ ಮೇಲೆ, ಪುಟ್ಟದೊಂದು ಊರು ಕಟ್ಟುತ್ತಿದ್ದರು. ಈ ಸಲ ಆ ಊರಲ್ಲಿ ಕಾರು ಓಡಬೇಕು! ಬೆರಳುದ್ದದ ಆಟದ ಕಾರಿನ ಹೊಟ್ಟೆಗೆ ಮೋಟಾರು, ಬ್ಯಾಟರಿ. ಮೂತಿಯಡಿ ಅಯಸ್ಕಾಂತ. ರಸ್ತೆಯಡಿ ಕಬ್ಬಿಣದ ತಂತಿ. ತಂತಿ ಹೋದ ಕಡೆ ಕಾರು ಹೋಗುತ್ತದೆ.

"ಮೋಟಾರು ಕೂರಬೇಕು ಸಿಂಗ್ರಿ, ಒಳಗಿರೋದನ್ನೆಲ್ಲ ತೆಗಿ!"

ತೆಗೆದ. ಸೀಟು ತೆಗೆದ, ಸ್ಟೇರಿಂಗು ತೆಗೆದ, ಡ್ರೈವರನ್ನೂ ಕಿತ್ತು ಜೇಬಿಗೆ ಹಾಕಿಕೊಂಡ.

"ಅಯ್ಯೋ ಪೆದ್ದ! ಡ್ರೈವರಿಲ್ಲದೆ ಗಾಡಿ ಹೊರಡುತ್ತೇನೋ?"

ಮನೆಯಲ್ಲಿ ತಾಯಿ ಹಣೆ ಚಚ್ಚಿಕೊಂಡಳು. "ಕೂತಿರೋರನ್ನ ಎಬ್ಬಿಸಬಾರದು ಕಣೋ!"

"ಹೂಂ ಕಣವ್ವ."

ಮಾರನೆ ದಿನ ಬೆಕ್ಕು ಬಂತು. ಮೇಜಿನೂರಿನ ಸೇತುವೆ ಪಕ್ಕ ಕೂತಿತು. ಸಿಂಗ್ರಿ ಎಬ್ಬಿಸಲಿಲ್ಲ. ಬೆಕ್ಕು ಮೈ ಮುರಿಯಿತು, ಸೇತುವೆಯೂ ಮುರಿಯಿತು.

"ನೋಡ್ತಾ ನಿಂತಿದ್ಯೇನೋ?"

"ಕೂತಿತ್ತಲ್ಲ ಅಯ್ನೋರೆ!"

ತಾಯಿ ಮತ್ತೆ ಹಣೆ ಚಚ್ಚಿಕೊಂಡಳು. "ರಸ್ತೆ ಮೇಲೆ ಏನೇ ಬರಲಿ, ಪೊರಕೆ ತಗೊಂಡು ಹಚಾ ಅನ್ನೋ!"

"ಹೂಂ ಕಣವ್ವ."

ಅದರ ಮಾರನೆ ದಿನ ಕಾರು ಮೊದಲ ಸಲ ಬುರ್ರೆಂದು ಹೊರಟಿತು. ತಿರುಮಲಯ್ಯನವರ ಕಣ್ಣು ತುಂಬಿ ಬಂತು. ಸಿಂಗ್ರಿ ಪೊರಕೆ ಎತ್ತಿದ. "ಹಚಾ!" ಕಾರು ನೆಲಕ್ಕೆ ಬಿತ್ತು, ಗಾಲಿ ಒಂದೊಂದು ದಿಕ್ಕಿಗೆ ಹೋಯಿತು.

"ನಾಳೆ ಬೊಂಬೆ ಆರತಿ ಕಣೋ! ಇನ್ನೊಂದು ತಪ್ಪು ಮಾಡಿದ್ಯೋ, ಮತ್ತೆ ಈ ಕಡೆ ತಲೆ ಹಾಕಬೇಡ!"

ಮನೆಯಲ್ಲಿ ಪುಟ್ಟತಾಯಮ್ಮ ಮಗನ ಕಿವಿ ಹಿಂಡಿದಳು. "ಆ ಕಾರಿಗಿರೋ ಬುದ್ಧಿನೂ ನಿನಗಿಲ್ಲವಲ್ಲೋ! ನಾಳೆ ಅದರ ಹಾಗೇ ನೆಟ್ಟಗೆ ಹೋಗು!"

"ಹೂಂ ಕಣವ್ವ."

ಮರುದಿನ ಸಂಜೆ ಹೆಂಗಸರು ಆರತಿ ತಟ್ಟೆ ಹಿಡಿದು, ಮಕ್ಕಳನ್ನು ಕರೆದುಕೊಂಡು ಬಂದರು. ಪುಟ್ಟತಾಯಮ್ಮನೂ ಬಂದಳು. ನೋಡಿದರೆ ತಿರುಮಲಯ್ಯನವರ ಹಳೇ, ಕೀಲು ಕಳಚಿದ ಕಬ್ಬಿಣದ ಗೇಟಿನ ಮುಂದೆ ಸಿಂಗ್ರಿ ಅಂಬೆಗಾಲಲ್ಲಿ ನಿಂತಿದ್ದಾನೆ! ಹಳೇ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಟವೆಲಲ್ಲಿ ಗದ್ದಕ್ಕೆ ಕಟ್ಟಿಕೊಂಡಿದ್ದಾನೆ. ಅದು ಗೇಟಿಗೆ ಕಚ್ಚಿಕೊಂಡಿದೆ. ತಲೆ ಮೇಲೆ ಆ ಪುಟಾಣಿ ಡ್ರೈವರು.

"ಏನೋ ಇದು?" ತಿರುಮಲಯ್ಯನವರು ಕೂಗಿದರು.

"ಕಬ್ಬಿಣ ಇಲ್ಲೀಗಂಟ ಕರ್ಕೊಂಡು ಬಂತು ಅಯ್ನೋರೆ! ಡ್ರೈವರನ್ನೂ ಕೂರಿಸಿದ್ದೀನಿ!"

"ಈಚೆ ಸರಿಯೋ!"

"ಹೆಂಗೆ ಸರೀಲಿ? ಹೊಟ್ಟೆಯೆಲ್ಲ ಖಾಲಿ ಮಾಡ್ಕೊಂಡಿದ್ದೀನಿ. ಬೆಳಗ್ಗೆಯಿಂದ ಬ್ಯಾಟರಿ ಹಾಕಿಲ್ಲ!"

ಮಕ್ಕಳು ಬಿದ್ದು ಬಿದ್ದು ನಕ್ಕವು. ರಿಪೇರಿಯಾಗಿ ಓಡುತ್ತಿದ್ದ ಮೇಜಿನ ಕಾರು ಯಾರಿಗೂ ಬೇಡ, ಈ ಕಾರೇ ಬೇಕು. ಹೊರಗೆ ಹಾಕಲೆಂದು ಬಂದ ತಿರುಮಲಯ್ಯನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಳೆನೂ ಬಾರೋ ಮಾರಾಯ! ಈಗ ಮನೆಗೆ ಹೋಗು!"

ಪುಟ್ಟತಾಯಮ್ಮನಿಗೆ ಹೋದ ಜೀವ ಬಂದಂತಾಯಿತು. ಅಳುತ್ತಾ ನಗುತ್ತಾ ಪ್ರಸಾದದ ಕಡಲೆ ಉಸಲಿ ಒಂದು ಹಿಡಿ ಮಗನ ಬಾಯಿಗೆ ತುರುಕಿದಳು. "ತಗೋ ಬ್ಯಾಟರಿ!"

ಸಿಂಗ್ರಿ ನುಂಗಿದ. ಬುರ್ರೆಂದ. ಗರ್ರನೆ ತಿರುಗಿ ಮನೆ ಕಡೆ ಹೊರಟ.

ಗೇಟೂ ಜೊತೆಗೇ ಹೊರಟಿತು.